ಹಾಳೆ ಜಾರುವ ಹೊತ್ತು

ರಾಣೆಬೆನ್ನೂರು
9 ನವೆಂಬರ್ 2024

ಕೈಸರ ಮೇಸ್ತ್ರಿಯವರಿಗೆ,

ನಾ ಕ್ಷೇಮ ಇಲ್ಲ. ನೀವು ಕ್ಷೇಮ ಇದ್ರ ಅದರಿಂದ ನನಗೇನೂ ಖುಷಿ ಇಲ್ಲ.

ನಿಮಗ ನನ್ನ ಗುರ್ತು ಇರಂಗಿಲ್ಲ. ನಾ ಬೀಜದ ಅಂಗಡಿ ಗೋಣೆಪ್ಪನ ಮಗ ಮೈಲೇಶ. ಅಂದಾನೆಪ್ಪನ ಮೊಮ್ಮಗ. ಅಂದಾನೆಪ್ಪ ಅಂದ್ರ ನೆನಪ ಆಗಬೇಕು ನಿಮಗ. ನಮ್ಮಜ್ಜನ ಇಂಗ್ಲಂಡ್ ಗಾಡಿ, ಒಂದ ಸಿಲಿಂಡರಿಂದು, ಐನೂರು ಸಿಸಿ, ಅದನ್ನ ಕಾಲು ಮೈಲಿ ರೇಸಿಗೆ ಕಟ್ಟಿದವರು ನೀವು. ಟ್ಯಾಂಕ್ ಬಿಚ್ಚಿದ್ರ ಕೆಳಗ ತಗಡಿನ್ಯಾಗ ಮೊಳಿ ಬಡದು ಬರದೀರಿ: ಕೈಸರ ಮೇಸ್ತ್ರಿ, ಬ್ಯಾಡಗಿ. ಅಷ್ಟ ವಿಳಾಸ. ನಿಮ್ಮ ಫೋನ್ ನಂಬರ್ ಇಲ್ಲಿ ಯಾರ ಹಂತ್ಯಾಕೂ ಇಲ್ಲ, ಅದಕ್ಕ ಈ ಪತ್ರ.

ನಿಮ್ಮ ಮ್ಯಾಗ್ನೆಟೊ ನನ್ನ ಬಲಗಾಲು ಮುರದೈತಿ.

ನಾ ತಪ್ಪೇನೂ ಮಾಡಿಲ್ಲ. ಬ್ಯಾಟರಿ ಇಲ್ದ ತನ್ನ ಕಿಡಿ ತಾನ ಹುಟ್ಟಸ್ಕೊಳ್ಳೂ ಡಬ್ಬಿ ಅದು ಅಂತ ಮರ್ಯಾದಿ ಕೊಟ್ಟು, ಬಿಚ್ಚಿ, ಒರಸಿ, ತಿರುಗಿ ಕೂಡ್ಸಿದೆ. ಮೊಬೈಲ್‌ನ್ಯಾಗ ಇಂಗ್ಲಂಡಿನ ಒಬ್ಬ ಮುದುಕ ತೋರಿಸಿದಂಗ ಟೈಮಿಂಗ್ ಇಟ್ಟೆ. ಪಿಸ್ಟನ್ ಮ್ಯಾಲ ಮುಟ್ಟಾಕ ಅರ್ಧ ಇಂಚ್ ಇರಬೇಕಾದ್ರ ಕಿಡಿ ಬೀಳಬೇಕು. ಅಲ್ಲೇ ಇಟ್ಟೆ. ಸುರು ಮಾಡೂವಾಗ ಹ್ಯಾಂಡಲ್ ಮ್ಯಾಲಿನ ಲಿವರ್ ಸಡ್ಲ ಬಿಟ್ಟು ಕಿಡಿ ಸ್ವಲ್ಪ ತಡಾ ಮಾಡಬೇಕು. ಅದನ್ನೂ ಮಾಡಿದೆ. ಕಿಕ್ ಹೊಡದೆ. ಕಿಕ್ಕರ್ ಅರ್ಧ ಕೆಳಗ ಹೋಗಿತ್ತು, ಕತ್ತಿ ಒದ್ದಂಗ ವಾಪಸ್ ಬಂತು. ನಾ ಹೋಗಿ ಗ್ವಾಡಿಗಿ ಬಿದ್ದೆ. ಹಿಮ್ಮಡದ ಮ್ಯಾಲಿನ ಎಲುವು ಮುರೀತು. ನಾ ಕೆಲಸ ಮಾಡೂ ಗ್ಯಾರೇಜಿನ ಹುಡುಗೂರು ಬಂದಿದ್ರು, ಎಲ್ಲಾರೂ ನೋಡಿದ್ರು.

ಅಪ್ಪ ದವಾಖಾನಿ ಬಾಗಲದಾಗ ನಿಂತು ಒಂದ ಮಾತು ಅಂದ. "ಯುಗಾದಿತನಕಾ ನೋಡ್ತೇನಿ. ಅದು ಸುರು ಆಗಿ ಓಡಿದ್ರ ಮನ್ಯಾಗ ಇರ್ಲಿ. ಇಲ್ಲಂದ್ರ ಹೈವೇ ಹೋಟೆಲಿನಾವ ಕೇಳ್ಯಾನ, ಕೊಟ್ಟ ಬಿಡ್ತೇನಿ." ಆ ಹೋಟೆಲಿನಾವ ಅದಕ್ಕ ಬಣ್ಣ ಹಚ್ಚಿ ಗ್ವಾಡಿಗಿ ತೂಗ ಹಾಕ್ತಾನಂತ. ಗ್ವಾಡಿ ತಡೀಬೇಕಂತ ಎಂಜಿನ್ ಒಳಗಿಂದೆಲ್ಲಾ ತಗದು ಹಗೂರ ಮಾಡ್ತಾನಂತ. ಮಂದಿ ಅದರ ಬುಡಕ ಕುಂತು ದೋಸಿ ತಿಂತಾರ.

ನೀವು ಕಟ್ಟಿದ್ದು, ನೀವ ಬಂದು ಸರಿ ಮಾಡ್ರಿ. ಇಲ್ಲಂದ್ರ ತಪ್ಪು ನಿಮ್ಮದ ಅಂತ ಬರದು ಕಳಸ್ರಿ, ಅಪ್ಪಗ ತೋರಸ್ತೇನಿ. ಉತ್ತರ ಬರಲಿಲ್ಲಂದ್ರ ಇನ್ನೊಂದು ಹಾಕ್ತೇನಿ. ಅದು ಇದಕ್ಕಿಂತ ಕೆಟ್ಟ ಇರ್ತೈತಿ.

ಕಾಲು ಮುರಕೊಂಡು ಕುಂತಾವ,
ಮೈಲೇಶ


ಬ್ಯಾಡಗಿ
23 ನವೆಂಬರ್ 2024

ಮೈಲೇಶನಿಗೆ,

ನೀನು ಬೈದಿರುವ ಮನುಷ್ಯ ತೀರಿಕೊಂಡು ಕೆಲವು ವರ್ಷಗಳಾದವು. ಆದ್ದರಿಂದ ಬೈಗುಳವನ್ನು ನಾನೇ ಓದಿಕೊಂಡೆ. ನಾನು ಅವರ ಹೆಂಡತಿ ಅಮೀರಬಿ. ಬಳೆ ಮಾರುತ್ತೇನೆ.

ನನಗೆ ಕಿವಿ ಕೇಳಿಸುವುದಿಲ್ಲ. ಮೊಬೈಲಿನ ಅಕ್ಷರ ನನ್ನ ಕಣ್ಣಿಗೆ ಇರುವೆಯ ಸಾಲು. ಕಾಗದ ಬಂದರೆ ಬಿಸಿಲಿಗೆ ಹಿಡಿದು ಓದುತ್ತೇನೆ. ನನ್ನ ಕನ್ನಡ ಪುಸ್ತಕದ ಹಾಗಿದೆ ಎಂದು ನಗಬೇಡ. ಕಲಿತದ್ದು ನಾಲ್ಕನೇ ತರಗತಿ. ಕಿವಿ ಹೋದ ಮೇಲೆ ಜನರ ಮಾತು ನಿಂತುಹೋಯಿತು, ದಿನಪತ್ರಿಕೆಯ ಮಾತು ಉಳಿಯಿತು.

ಕಾಲಿನ ವಿಷಯ ಓದಿ ಬೇಸರವಾಯಿತು. ನಾಲಿಗೆಗೆ ಏನೂ ಆಗಿಲ್ಲವೆಂದು ಗೊತ್ತಾಯಿತು.

ಒಂದನ್ನು ನೋಡಿ ಹೇಳು. ಟೈಮಿಂಗ್ ಇಡುವಾಗ ಲಿವರಿನ ವೈರನ್ನು ಬಿಗಿ ಮಾಡಿಟ್ಟಿದ್ದೆಯೋ, ಸಡಿಲ ಬಿಟ್ಟಿದ್ದೆಯೋ? ನೆನಪಿನಿಂದ ಬರೆಯಬೇಡ. ಗಾಡಿಯ ಹತ್ತಿರ ಹೋಗಿ, ಲಿವರನ್ನು ಹಿಡಿದು, ಆ ದಿನ ಕೈ ಮಾಡಿದ್ದನ್ನೇ ಮತ್ತೆ ಮಾಡಿಸಿ ನೋಡು. ಮನಸ್ಸು ಸುಳ್ಳು ಹೇಳಿದರೂ ಕೈ ಹೇಳುವುದಿಲ್ಲ.

ಮತ್ತೆ, ಆ ಗಾಡಿಗೆ ಅರ್ಧ ಇಂಚಲ್ಲ.

ಅಮೀರಬಿ


ರಾಣೆಬೆನ್ನೂರು
1 ಡಿಸೆಂಬರ್ 2024

ಅಮೀರಬಿ ಅವರಿಗೆ,

ಮೇಸ್ತ್ರಿಯವರು ಹೋಗಿದ್ದು ನನಗ ಗೊತ್ತಿರಲಿಲ್ಲ. ಕೆಟ್ಟ ಅನ್ನಿಸ್ತು. ಆದ್ರ ಬೈದದ್ದು ವಾಪಸ್ ತಗೊಳ್ಳಂಗಿಲ್ಲ, ಕಾಲು ಇನ್ನೂ ಪ್ಲಾಸ್ಟರಿನ್ಯಾಗ ಐತಿ.

ನೀವು ಹೇಳಿದಂಗ ಅವ್ವನ ಹೆಗಲು ಹಿಡಕೊಂಡು ಕುಂಟಕೊಂತ ಹೋಗಿ ಲಿವರ್ ಹಿಡದು ನೋಡಿದೆ. ಟೈಮಿಂಗ್ ಇಡೂವಾಗ ವೈರ್ ಬಿಗಿ. ಕಿಕ್ ಹೊಡಿಯೂವಾಗ ಸಡ್ಲ. ಜಗತ್ತಿನಾಗ ಎಲ್ಲಾರೂ ಮಾಡೂದು ಹಂಗ.

ಈಗ ನಾ ಒಂದ ಕೇಳ್ತೇನಿ. ಬಳಿ ಮಾರೋರಿಗೆ ಮ್ಯಾಗ್ನೆಟೊ ವಿಚಾರ ಯಾಕ? ಮೇಸ್ತ್ರಿ ಕೈಕೆಳಗ ಕೆಲಸ ಮಾಡಿದ ಗಂಡಸ್ರು ಯಾರರ ಇದ್ರ ಹೆಸರು ಕೊಡ್ರಿ, ಅವರನ್ನ ಹಿಡಕೊಳ್ತೇನಿ. ಸಿಟ್ಟಾಗಬ್ಯಾಡ್ರಿ. ನಾ ಮಾತಾಡೂದ ಹಿಂಗ.

ನಾ ಒಂಬತ್ತನೇತ್ತಿಗೆ ಸಾಲಿ ಬಿಟ್ಟೇನಿ. ಮಾಸ್ತರ ಎಲ್ಲಾರ ಮುಂದ "ಇದು ತಲಿ ಅಲ್ಲ, ಪಂಚರ್ ಆದ ಟೈರ್" ಅಂದ. ನಾನೂ ಒಂದು ಅಂದೆ. ಮರುದಿನದಿಂದ ಹೋಗಲಿಲ್ಲ. ಆಮ್ಯಾಲ ಅಪ್ಪ ಬೀಜದ ಅಂಗಡ್ಯಾಗ ಕುಂದ್ರಿಸಿದ, ಅಲ್ಲೂ ಗಿರಾಕಿ ಜೋಡಿ ಜಗಳಾಡಿ ಎದ್ದ ಬಂದೆ. ಈಗ ಗ್ಯಾರೇಜು. ಅಪ್ಪನ ಲೆಕ್ಕದಾಗ ನಾ ಎಲ್ಲಾ ಅರ್ಧಕ್ಕ ಬಿಡಾವ. ಬಾಯಿ ಬಿಟ್ಟು ಅನ್ನಂಗಿಲ್ಲ. ಊಟಕ್ಕ ಕುಂತಾಗ ನನ್ನ ತಾಟಿನ್ಯಾಗ ಉಳದ ಅರ್ಧ ರೊಟ್ಟಿ ಕಡೆ ನೋಡ್ತಾನ, ಅಷ್ಟ.

ಆ ಗಾಡಿ ಸುರು ಆಗಬೇಕು. ನಾ ಕೈ ಹಾಕಿದ್ದು ಒಂದರ ಪೂರ್ತಿ ಆಗಬೇಕು.

ಮೈಲೇಶ


ಬ್ಯಾಡಗಿ
14 ಡಿಸೆಂಬರ್ 2024

ಮೈಲೇಶನಿಗೆ,

ಜಗತ್ತಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನಿನ್ನ ಗಾಡಿಯಲ್ಲಿ ಮಾತ್ರ ಅದು ತಿರುವುಮುರುವು.

ಮದ್ರಾಸಿನ ಕಡೆ ಒಂದು ಹಳೆಯ ವಿಮಾನ ಪಟ್ಟಿಯ ಮೇಲೆ ನಿನ್ನಜ್ಜ ಓಡಿಸುತ್ತಿದ್ದರು. ಒಂದು ಸಲ ಅರ್ಧ ದಾರಿಯಲ್ಲಿ ಆ ವೈರು ಹರಿಯಿತು. ವೈರು ಸಡಿಲವಾದೊಡನೆ ಕಿಡಿ ತಡವಾಯಿತು, ಗಾಡಿ ಸತ್ತ ಎಮ್ಮೆಯಂತೆ ಭಾರವಾಯಿತು, ಹಿಂದಿದ್ದವರು ಮುಂದೆ ಹೋದರು. ಊರಿಗೆ ಬಂದವರೇ ನಮ್ಮವರು ಬೇರೊಂದು ಗಾಡಿಯ ಮ್ಯಾಗ್ನೆಟೊ ಹುಡುಕಿ ತಂದು ಕೂಡಿಸಿದರು. ಅದರಲ್ಲಿ ವೈರು ಸಡಿಲವಿದ್ದರೆ ಕಿಡಿ ಬೇಗ, ಎಳೆದು ಬಿಗಿ ಮಾಡಿದರೆ ತಡ. ಇನ್ನು ವೈರು ಹರಿದರೂ ಓಟ ನಿಲ್ಲುವುದಿಲ್ಲ ಎಂದು. ಓಡಿಸುವವರಿಗೆ ಗೊತ್ತಿತ್ತು, ಕಟ್ಟಿದವರಿಗೆ ಗೊತ್ತಿತ್ತು. ಮೂರನೆಯವರಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ನೀನು ಬಿಗಿ ಮಾಡಿ ಗುರುತು ಹಿಡಿದೆ, ಸಡಿಲ ಬಿಟ್ಟು ಒದ್ದೆ. ಕಿಡಿ ತಡವಾಗುವ ಬದಲು ಇನ್ನೂ ಬಹಳ ಮೊದಲೇ ಬಿತ್ತು. ಮೇಲೇರುತ್ತಿದ್ದ ಪಿಸ್ಟನ್ನನ್ನು ಬೆಂಕಿ ಎದುರಿನಿಂದ ತಳ್ಳಿತು. ಆ ಹೊಡೆತಕ್ಕೆ ಸಿಕ್ಕಿದ್ದು ನಿನ್ನ ಕಾಲು.

ಗಂಡಸರ ಹೆಸರು ಕೇಳಿದ್ದೀಯ. ಕೈಕೆಳಗೆ ಬಹಳ ಜನ ಇದ್ದರು. ಆ ಮ್ಯಾಗ್ನೆಟೊದ ಬಾಯೊಳಗೆ ಬೆರಳಿಟ್ಟವರು ಯಾರೂ ಇಲ್ಲ. ಅದರೊಳಗೆ ಒಂದಕ್ಕೊಂದು ತಾಗಿ ಕೂತ ಎರಡು ಲೋಹದ ತುದಿಗಳಿವೆ, ಪಾಯಿಂಟು ಎನ್ನುತ್ತಾರೆ; ಅವು ಯಾವಾಗ ಬಿಟ್ಟುಕೊಳ್ಳುತ್ತವೋ ಆಗ ಕಿಡಿ. ಆ ಬಿಡುವು ಕಣ್ಣಿಗೆ ಕಾಣುವುದಿಲ್ಲ. ಎರಡರ ನಡುವೆ ತೆಳುವಾದ ಹಾಳೆ ಇಟ್ಟು ಹಿಡಿದಿರಬೇಕು. ಹಾಳೆ ಜಾರಿದಾಗ ಬಿಟ್ಟಿತು ಎಂದು ಅರ್ಥ. ನಮ್ಮವರು ಹಿಂದಿನ ಚಕ್ರ ತಿರುಗಿಸುತ್ತಿದ್ದರು. ಹಾಳೆ ಹಿಡಿಯುತ್ತಿದ್ದವಳು ನಾನು.

ಯಾಕೆ ನಾನು ಎಂದು ಕೇಳುತ್ತೀಯ. ನಿಮ್ಮ ಅವ್ವನಿಗೆ ಬಳೆ ತೊಡಿಸುವುದನ್ನು ನೋಡಿದ್ದೀಯಾ? ಬಳೆ ಹೆಬ್ಬೆರಳಿನ ಬುಡದ ಎಲುಬಿಗೆ ಬಂದು ನಿಲ್ಲುತ್ತದೆ. ಒತ್ತಿದರೆ ಗಾಜು ಒಡೆದು ಕೈ ಕೊಯ್ಯುತ್ತದೆ. ಕೈ ತಾನಾಗಿ ಒಮ್ಮೆ ಬಿಟ್ಟುಕೊಡುತ್ತದೆ. ಅದಕ್ಕೆ ಕಾಯಬೇಕು. ಬಿಟ್ಟುಕೊಡುವುದಕ್ಕೆ ಸ್ವಲ್ಪ ಮೊದಲೇ ನನ್ನ ಬೆರಳಿಗೆ ತಿಳಿಯುತ್ತದೆ. ಕಬ್ಬಿಣವೂ ಹಾಗೆಯೇ ಎಂದು ನನಗೆ ಆ ಗಾಡಿ ಹೇಳಿಕೊಟ್ಟಿತು.

ಇದರೊಳಗೆ ಬಳೆ ಸುತ್ತುವ ಹಾಳೆ ಇಟ್ಟಿದ್ದೇನೆ. ಬೆರಳಗಲದ ಪಟ್ಟಿ ಕತ್ತರಿಸಿಕೋ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸೈಕಲ್ಲಿನ ಕಡ್ಡಿ ಇಳಿಸಿ, ಪಿಸ್ಟನ್ ತುತ್ತತುದಿಗೆ ಬಂದಾಗ ಕಡ್ಡಿಯ ಮೇಲೆ ಗುರುತು ಹಾಕು. ಅಲ್ಲಿಂದ ಅರ್ಧ ಇಂಚಿಗೆ ಒಂದು ಹಸಿರು ಗಾಜಿನ ಬಳೆಯ ದಪ್ಪ ಕಡಿಮೆ. ಅದು ಆ ಗಾಡಿಯ ಅಳತೆ. ವೈರು ಸಡಿಲ ಬಿಟ್ಟು ಟೈಮಿಂಗ್ ಇಡು. ಒದೆಯುವಾಗ ಬಿಗಿ.

ನನಗೆ ಕೊಡಬೇಕಾದದ್ದು ಒಂದೇ. ಅದು ಸುರುವಾದ ದಿನ ಅದರ ಸದ್ದು ಹೇಗಿತ್ತೆಂದು ಬರೆದು ಕಳಿಸು. ನನಗೆ ಸರಿಯಾಗಿ ಕೇಳಿಸಿದ ಕೊನೆಯ ದೊಡ್ಡ ಸದ್ದು ಅದು. ಈಗ ನೆನಪಿನಲ್ಲಿ ಅದು ಮಸುಕಾಗಿದೆ. "ಡಗ್ ಡಗ್" ಎಂದು ಬರೆದರೆ ವಾಪಸ್ ಕಳಿಸುತ್ತೇನೆ.

ಅಮೀರಬಿ, ಬಳೆಗಾರ್ತಿ


ರಾಣೆಬೆನ್ನೂರು
11 ಜನವರಿ 2025

ಅಮೀರಬಿ ಅವರಿಗೆ,

ನಿಮ್ಮ ಪತ್ರ ಮತ್ತ ಮತ್ತ ಓದಿದೆ. ಒಂದ ವೈರ್ ಉಲ್ಟಾ ಅನ್ನೂ ಮಾತಿಗೆ ನನ್ನ ಕಾಲು ಹೋತು. ಯಾರ ಮ್ಯಾಲ ಸಿಟ್ಟು ಮಾಡ್ಬೇಕು ತಿಳೀಲಿಲ್ಲ. ಇಬ್ಬರೂ ಸತ್ತಾರ.

ಆಮ್ಯಾಲ ಮಾಡಾಕ ಕುಂತೆ. ಹಸರು ಬಳಿ ಬೇಕಂತ ಅವ್ವನ್ನ ಕೇಳಿದೆ. "ಮುತ್ತೈದಿ ಕೈಯಾನ ಬಳಿ ತಗದು ಗಾಡಿಗಿ ಕೊಡ್ಲೇನು" ಅಂದ್ಲು. ತಗೀಲಿಲ್ಲ. ಕೊನಿಗೆ ಬಳಿ ಆಕಿ ಕೈಯಾಗ ಇದ್ದಂಗನ ಕಡ್ಡಿ ಆಕಿ ಮುಂಗೈಗೆ ಹಿಡದು ಗುರ್ತು ಹಾಕಿದೆ. ಚಕ್ರ ತಿರುಗಿಸಾಕೂ ಆಕಿನ ಬಂದ್ಲು, ಬ್ಯಾರೆ ಯಾರೂ ಬರವಲ್ರು.

"ಬೀಸೂಕಲ್ಲು ತಿರುವಿದಂಗ ತಿರುವಲೇನೋ?"

"ನಿಧಾನ ಬೇ. ಹಾಲು ಕಾಸೂವಾಗ ನೋಡ್ತೀಯಲ್ಲ, ಹಂಗ."

"ನಿಮ್ಮಜ್ಜ ನಿಮ್ಮಜ್ಜಿ ತಲಿಗಿ ಎಂದರ ಎಣ್ಣಿ ಹಚ್ಚಿದ್ದು ನಾ ನೋಡಿಲ್ಲ. ಇದಕ್ಕ ದಿನಾ ಹಚ್ತಿದ್ದ."

ಇಷ್ಟೆಲ್ಲಾ ಮಾಡಿದ್ರೂ ಆಗವಲ್ದು. ಹಾಳಿ ಒಮ್ಮೆ ಗುರ್ತಿನಕಿಂತ ಮೊದಲ ಬಿಡ್ತೈತಿ, ಒಮ್ಮೆ ಆಮ್ಯಾಲ. ಅವ್ವ ಗುರ್ತು ದಾಟಿಸಿ ಮುಂದ ಹೋದ್ರ ನಾ "ಸ್ವಲ್ಪ ಹಿಂದ ಬಾ" ಅಂತೇನಿ, ಆಕಿ ಬರ್ತಾಳ, ಆದ್ರೂ ಎರಡು ಸಲ ಒಂದ ಕಡೆ ಬಿಡವಲ್ದು. ನೀವು ಕೊಟ್ಟ ಹಾಳಿ ಎಲ್ಲಾ ಹರದು ಹೋದ್ವು. ಪಾಯಿಂಟಿನ ಸಂದ್ಯಾಗ ಏನೋ ಕೆಂಪ ಪುಡಿ ಬ್ಯಾರೆ. ಸ್ಪ್ಯಾನರ್ ಒಗದು ಎದ್ದೆ. ಅವ್ವ ಸ್ಪ್ಯಾನರ್ ಎತ್ತಿ ತಂದು ಬಾಜೂಕ ಇಟ್ಟು ಒಳಗ ಹೋದ್ಲು.

ಇದು ಆಗೂ ಕೆಲಸ ಅಲ್ಲ ಅನ್ನಿಸಾಕತ್ತೈತಿ. ಖರೇ ಹೇಳ್ರಿ.

ಮೈಲೇಶ


ಬ್ಯಾಡಗಿ
20 ಜನವರಿ 2025

ಬೇಟಾ ಮೈಲೇಶ,

ಕೆಂಪು ಪುಡಿ ಮೆಣಸಿನಕಾಯಿಯದು. ಸುಗ್ಗಿಯಲ್ಲಿ ಇಲ್ಲಿ ಅದು ಊಟದಲ್ಲಿ, ಹಾಸಿಗೆಯಲ್ಲಿ, ದೇವರ ಕಪಾಟಿನಲ್ಲಿ, ಎಲ್ಲ ಕಡೆ ಇರುತ್ತದೆ. ಮ್ಯಾಗ್ನೆಟೊಕ್ಕೆ ತಂಪು ತಾಗಬಾರದೆಂದು ನಮ್ಮವರು ಅದನ್ನು ಮೆಣಸಿನಕಾಯಿ ಚೀಲದಲ್ಲಿ ಸುತ್ತಿಡುತ್ತಿದ್ದರು. ಪೆಟ್ರೋಲಿನಲ್ಲಿ ಅದ್ದಿದ ಮಲ್ಲಿನ ಬಟ್ಟೆಯಿಂದ ಒರೆಸು.

ಇನ್ನು ನಿನ್ನ ತಪ್ಪು. "ಸ್ವಲ್ಪ ಹಿಂದ ಬಾ" ಎಂದು ಬರೆದಿದ್ದೀಯಲ್ಲ, ಅದು. ಚಕ್ರಕ್ಕೂ ಮ್ಯಾಗ್ನೆಟೊಕ್ಕೂ ನಡುವೆ ಸರಪಳಿ ಇದೆ, ಹಲ್ಲುಗಳಿವೆ, ಎಲ್ಲದರಲ್ಲೂ ಚೂರು ಚೂರು ಸಡಿಲ ಇದೆ. ಸ್ವಲ್ಪ ಹಿಂದಕ್ಕೆ ಬಂದರೆ ಚಕ್ರ ಬರುತ್ತದೆ, ಪಾಯಿಂಟು ಬರುವುದಿಲ್ಲ. ಗುರುತು ದಾಟಿತೋ, ದೂರ ಹಿಂದಕ್ಕೆ ಹೋಗಿ ಮೊದಲಿನಿಂದ ಮುಂದಕ್ಕೆ ಬಾ. ಯಾವಾಗಲೂ ಮುಂದಕ್ಕೆ ಬರುವಾಗಲೇ ಗುರುತು ಮುಟ್ಟಬೇಕು. ಬಳೆ ಎಲುಬಿನ ಮೇಲೆ ಸಿಕ್ಕಿಕೊಂಡರೆ ನಾವು ಅಲ್ಲೇ ಅತ್ತಿತ್ತ ಆಡಿಸುವುದಿಲ್ಲ. ಪೂರ್ತಿ ತೆಗೆದು ಮತ್ತೆ ಬೆರಳ ತುದಿಯಿಂದ ಬರುತ್ತೇವೆ.

ಹಾಳೆ ಹರಿದದ್ದು ನೀನು ಎಳೆದದ್ದಕ್ಕೆ. ಎಳೆಯಬೇಡ. ನಿದ್ದೆ ಹೋಗುತ್ತಿರುವ ಕೂಸಿನ ಬೆರಳು ಹಿಡಿದ ಹಾಗೆ ಹಿಡಿ. ಗುರುತಿನಲ್ಲಿ ಹಾಳೆ ಜಾರಿದ ಮೇಲೆ ಮ್ಯಾಗ್ನೆಟೊವನ್ನು ತಿರುಗಿಸುವ ಹಲ್ಲಿನ ಗಾಲಿಯ ನಟ್ ಬಿಗಿ ಮಾಡುತ್ತೀಯ; ಬಿಗಿ ಮಾಡುವಾಗ ಅದು ಸ್ವಲ್ಪ ತಿರುಗಿಕೊಳ್ಳುತ್ತದೆ. ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೆ ದೂರದಿಂದ ಬಂದು ನೋಡು. ಸರಿ ಇಲ್ಲದಿದ್ದರೆ ಬಿಚ್ಚು, ಮತ್ತೆ.

ಇದು ಆಗುವ ಕೆಲಸವೇ. ಸಿಟ್ಟು ಬಂದವರಿಂದ ಆಗುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ನಮ್ಮವರಿಗೂ ನಿನ್ನಷ್ಟೇ ಸಿಟ್ಟಿತ್ತು. ಚಕ್ರದ ಮೇಲೆ ಕೈ ಇಟ್ಟಾಗ ಮಾತ್ರ ಅವರು ಬೇರೆ ಮನುಷ್ಯ.

ಹಾಳೆ ಇನ್ನೊಂದಿಷ್ಟು ಇಟ್ಟಿದ್ದೇನೆ.

ಅಮೀರಬಿ


ರಾಣೆಬೆನ್ನೂರು
2 ಮಾರ್ಚ್ 2025

ಅಜ್ಜಿಗೆ,

ಅಜ್ಜಿ ಅಂದ್ರ ನಡೀತೈತೇನ್ರಿ? ನಡೀಲಿಲ್ಲಂದ್ರ ಬೈರಿ.

ಹೆಂಗ ಬರೀಲಿ. ಆತು.

ಮಧ್ಯಾಹ್ನ ಅವ್ವ ಹಪ್ಪಳ ಒಣಾ ಹಾಕಿ ಬಂದು ಚಕ್ರ ಹಿಡದ್ಲು. ದೂರದಿಂದ ಬಂದ್ಲು, ಬಾಳ ನಿಧಾನ. ಆಕಿಗೂ ಕೈ ಕೂಡೇತಿ ಈಗ. ನಾ ಹಾಳಿ ಹಿಡದಿದ್ದೆ, ಎಳೀಲಿಲ್ಲ. ಹಾಳಿ ಬಿಗಿ ಇತ್ತು. ಇನ್ನೂ ಬಿಗಿ ಇತ್ತು. ಆಮ್ಯಾಲ, ಅಜ್ಜಿ, ಅದು ಜಾರೂಕಿಂತ ಮೊದಲ ನನಗ ಗೊತ್ತಾತು. ಹೆಂಗ ಅಂತ ಕೇಳಬ್ಯಾಡ್ರಿ. ಕಬ್ಬಣ ಉಸರು ಬಿಟ್ಟಂಗ ಆತು. ಹಾಳಿ ನನ್ನ ಬೆರಳಿಗೆ ಬಂತು. ಕಡ್ಡಿ ನೋಡಿದ್ರ ಬಳಿ ಗುರ್ತು ಸರಿ ಪ್ಲಗ್ ತೂತಿನ ತುಟಿಗೆ.

ನಟ್ ಬಿಗಿ ಮಾಡಿದೆ, ಸರೀತು. ಬಿಚ್ಚಿದೆ. ಮತ್ತ ಮಾಡಿದೆ, ಮತ್ತ ಸರೀತು. ಸಿಟ್ಟು ಬರಲಿಲ್ಲ. ಅದ ನನಗ ಆಶ್ಚರ್ಯ. ಹೊತ್ತು ಇಳಿಯೂತನಕಾ ಮಾಡಿದೆ. ಕಡೀಗೆ ಬಿಗಿ ಮಾಡಿದ ಮ್ಯಾಲೂ ಹಾಳಿ ಅಲ್ಲೇ ಬಿಟ್ತು. ಎಷ್ಟು ಸಲ ಬಂದ್ರೂ ಅಲ್ಲೇ.

ಅಷ್ಟ ದೊಡ್ಡ ಚಕ್ರ, ಸರಪಳಿ, ಗೇರು, ಒಳಗ ನನಗ ಕಾಣದ್ದು ಎಷ್ಟೋ ಐತಿ, ನಮ್ಮಪ್ಪಗಿಂತ ಹಳೇ ಕಬ್ಬಣ, ಅದೆಲ್ಲಾ ಸೇರಿ ಬಂದು ಒಂದ ಬಳಿ ಹಾಳಿ ಮ್ಯಾಲ ನಿಲ್ತೈತಿ. ದೇವರಗುಡ್ಡದ ಜಾತ್ರ್ಯಾಗ ಗೊರವಪ್ಪ ಕಾರ್ಣಿಕದ ಮಾತು ನುಡಿಯಾಕ ಎತ್ತರದ ಬಿಲ್ಲು ಏರಿ ನಿಂತಾಗ ಅಷ್ಟೂ ಮಂದಿ ಒಮ್ಮೆಲೇ ಸುಮ್ಮನಾಗ್ತಾರ ನೋಡ್ರಿ, ಹಂಗ ಸುಮ್ಮನಾಗಿ ಕುಂತೆ. ಅವ್ವ "ಯಾಕೋ, ಮತ್ತ ಕಾಲು ನೋಸ್ತೈತೇನು" ಅಂದ್ಲು. ಇಲ್ಲ ಅಂದೆ. ಕಣ್ಣು ಒರಸ್ಕೊಂಡೆ. ಮೆಣಸಿನಕಾಯಿ ಪುಡಿ ಅಂತ ಹೇಳೇನಿ ಆಕಿಗೆ.

ಈಗ ಬ್ಯಾರೆ ತ್ರಾಸು. ಪ್ಲಾಸ್ಟರ್ ತಗದಾರ, ಆದ್ರ ಬಲಗಾಲ ಮ್ಯಾಲ ಭಾರ ಹಾಕಬ್ಯಾಡ ಅಂದಾರ ಡಾಕ್ಟರು. ಯುಗಾದಿ ಈ ತಿಂಗಳ ಕೊನಿಗೆ. ಕಿಕ್ ಹೊಡಿಯಾವ ಯಾರು? ಗ್ಯಾರೇಜಿನ ಹುಡುಗೂರು ಆವತ್ತು ನೋಡ್ಯಾರ, ಹತ್ರ ಬರವಲ್ರು. ಒಬ್ಬವ "ನನಗ ಇನ್ನೂ ಮದಿವಿ ಆಗಿಲ್ಲಪ" ಅಂದ. ಅಪ್ಪಂತೂ ಮನಿ ಬಾಜೂಕ ಗಾಡಿ ಇಟ್ಟ ತಗಡಿನ ಶೆಡ್ಡಿಗೆ ಕಾಲ ಇಡಂಗಿಲ್ಲ. ನಾ ಸಣ್ಣಾವ ಇದ್ದಾಗಿಂದ ನೋಡೇನಿ, ಅದರ ಮುಂದ ಹಾಯೂದಿದ್ರ ಆಚೆ ದಂಡಿಗೆ ಹಾಯ್ತಾನ.

ನಿಮ್ಮ ಹಾಳಿ ಒಂದು ಉಳದೈತಿ. ಕಿಸೇದಾಗ ಇಟ್ಕೊಂಡೇನಿ.

ಮೈಲೇಶ


ಬ್ಯಾಡಗಿ
12 ಮಾರ್ಚ್ 2025

ಬೇಟಾ ಮೈಲೇಶ,

ಅಜ್ಜಿ ಎಂದರೆ ನಡೆಯುತ್ತದೆ. ನಿನ್ನಪ್ಪ ನನ್ನನ್ನು ಚಾಚಿ ಎನ್ನುತ್ತಿದ್ದ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಿನ್ನಜ್ಜನ ಜೊತೆ ಗೋಣೆಪ್ಪ ನಮ್ಮ ಅಂಗಳಕ್ಕೆ ಬರುತ್ತಿದ್ದ. ಮೀಸೆ ಆಗಷ್ಟೇ ಮೂಡುತ್ತಿತ್ತು. ಅವನಷ್ಟು ಆಸೆಯಿಂದ ಆ ಗಾಡಿಯನ್ನು ನೋಡಿದವರನ್ನು ನಾನು ಕಂಡಿಲ್ಲ. ಮ್ಯಾಗ್ನೆಟೊ ಬದಲಿಸಿದ ವಾರ, ನಾಲ್ಕು ಜನ ಸೇರಿದ್ದಾಗ, ನಿನ್ನಜ್ಜ "ನೀನ ಹೊಡಿ ಕಿಕ್" ಎಂದರು. ಹುಡುಗ ಯಾವಾಗಲೂ ನೋಡಿದ ಹಾಗೆ ಲಿವರ್ ಸಡಿಲ ಬಿಟ್ಟು ಒದ್ದ. ಈಗ ನಿನಗೆ ಗೊತ್ತು. ಅವನನ್ನು ಅದು ಮೆಣಸಿನಕಾಯಿ ರಾಶಿಯ ಮೇಲೆ ಎಸೆಯಿತು. ಎಲುಬು ಮುರಿಯಲಿಲ್ಲ. ಎಲ್ಲರೂ ನಕ್ಕರು. ನಿನ್ನಜ್ಜನೂ ನಕ್ಕು, "ಇದು ಗಂಡಸರ ಗಾಡಿ" ಎಂದು ಲಿವರ್ ಬಿಗಿ ಹಿಡಿದು ತಾವೇ ಸುರು ಮಾಡಿದರು.

ವೈರು ತಿರುವುಮುರುವು ಎಂದು ಅವನಿಗೂ ಯಾರೂ ಹೇಳಲಿಲ್ಲ. ಅವರಿಬ್ಬರೂ ಹೇಳಲಿಲ್ಲ, ನಾನೂ ನೀರು ತರಲು ಒಳಗೆ ಹೋದೆ. ಹೊರಗೆ ಬಂದಾಗ ಅವನು ಮೈ ಕೊಡವಿಕೊಂಡು ಎದ್ದಿದ್ದ. "ಚಾಚಿ, ಅದಕ್ಕ ನಾನಂದ್ರ ಆಗಂಗಿಲ್ಲ" ಎಂದ. ಅಪ್ಪನ ಹಿಂದೆ ಗಾಡಿಯ ಮೇಲೆ ಬಂದವನು ಆ ದಿನ ಬಸ್ಸಿನಲ್ಲಿ ಊರಿಗೆ ಹೋದ. ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ.

ನಿನ್ನ ಕಾಲು ಮುರಿದ ದಿನ ದವಾಖಾನೆಯ ಬಾಗಿಲಲ್ಲಿ ನಿಂತವನು ಅವನು.

ಅವನಿಗೆ ಒದೆಯಲು ಹೇಳಬೇಡ. ಚಕ್ರ ತಿರುಗಿಸಲು ಕರೆ.

ಅಮೀರಬಿ


ರಾಣೆಬೆನ್ನೂರು
2 ಏಪ್ರಿಲ್ 2025

ಅಜ್ಜಿಗೆ,

ಯುಗಾದಿ ದಿವಸ ಅಂಗಡಿ ಬಂದ್ ಇತ್ತು. ಅಪ್ಪ ಎಣ್ಣಿ ಹಚ್ಕೊಂಡು ಸ್ನಾನಾ ಮಾಡಿ, ಬೇವು ತಿಂದು ಕಟ್ಟಿ ಮ್ಯಾಲ ಕುಂತಿದ್ದ. ನಾ ಹೋಗಿ ನಿಂತೆ.

"ಅಪ್ಪಾ, ಚಕ್ರ ತಿರುಗಿಸಾಕ ಯಾರೂ ಇಲ್ಲ. ಬಾ."

"ನಿಮ್ಮವ್ವ ಇದ್ದಾಳಲ್ಲ."

"ಹೋಳಿಗಿ ಮಾಡಾಕತ್ತಾಳ."

ಬಾಳ ಹೊತ್ತು ನನ್ನ ಕಾಲ ನೋಡಿದ. ಆಮ್ಯಾಲ ಎದ್ದ.

ಶೆಡ್ಡಿನ್ಯಾಗ ಅವಗ ಕಡ್ಡಿ ತೋರಿಸಿದೆ, ಗುರ್ತು ತೋರಿಸಿದೆ. ಗುರ್ತು ಬಂದಾಗ ಹೇಳು ಅಂದೆ. ನಾ ಪಾಯಿಂಟಿನ ಕಡೆ ಕುಂತೆ, ಕಡ್ಡಿ ನನಗ ಕಾಣಂಗಿಲ್ಲ. ಕಿಸೇದಾಗಿನ ಹಾಳಿ ತಗದು ಹಿಡದೆ. ಅಪ್ಪ ಚಕ್ರ ತಿರುಗಿಸಿದ. ಯಾರೂ ಕಲಿಸಿಲ್ಲ, ದೂರದಿಂದ ತಾನ ಬಂದ.

ಅಂವ "ಬಂತು" ಅಂದ. ನಾ "ಬಿಡ್ತು" ಅಂದೆ. ಎರಡು ಮಾತು ಒಂದರ ಮ್ಯಾಲ ಒಂದು ಬಿದ್ದವು, ಅಜ್ಜಿ. ನಡಕ ಹಾಳಿ ಹಿಡಿಯೂವಷ್ಟೂ ಜಾಗ ಇರಲಿಲ್ಲ.

ಅಪ್ಪ ಚಕ್ರದ ಮ್ಯಾಲಿನ ಕೈ ತಗೀಲಿಲ್ಲ. ನಾ ಆಗ ಹೇಳಿದೆ. "ಇದರ ವೈರ್ ಉಲ್ಟಾ ಐತಿ ಅಪ್ಪಾ. ಸಡ್ಲ ಬಿಟ್ರ ಕಿಡಿ ಲಗೂ. ನನಗೂ ಗೊತ್ತಿರಲಿಲ್ಲ. ನಿನಗೂ ಯಾರೂ ಹೇಳಿರಲಿಲ್ಲಂತ."

"ಯಾರಂದ್ರು?"

"ಬ್ಯಾಡಗಿ ಚಾಚಿ."

ಅಂವ ಹೋಗಿ ಲಿವರ್ ಹಿಡದ. ಬಿಗಿ ಮಾಡಿದ, ಬಿಟ್ಟ, ಬಿಗಿ ಮಾಡಿದ, ಬಿಟ್ಟ. ಮ್ಯಾಗ್ನೆಟೊದ ಬಾಯಾಗ, ಪಾಯಿಂಟಿನ ಸುತ್ತ ಸಣ್ಣ ಬಳಿಯಂಗ ಇರೂ ಕಬ್ಬಣದ ಉಂಗುರ ಅತ್ತಾಗ ಇತ್ತಾಗ ಸರಿಯೂದನ್ನ ಬಗ್ಗಿ ನೋಡಿದ. ಬಕೀಟು ಡಬ್ಬ ಹಾಕಿ ಅದರ ಮ್ಯಾಲ ಕುಂತ. "ಇಷ್ಟ ಏನು" ಅಂದ. ನನಗ ಅಲ್ಲ.

ಊರ ಹೊರಗ ಒಂದು ಹೊಸ ಲೇಔಟ್ ಐತಿ. ಡಾಂಬರ ರಸ್ತೆ ಐತಿ, ಮನಿ ಇಲ್ಲ. ಸಂಜಿಮುಂದ ಅಲ್ಲಿಗೆ ಟೆಂಪೋದಾಗ ಹಾಕ್ಕೊಂಡು ಹೋದ್ವಿ. ಅವ್ವ ಹೋಳಿಗಿ ಡಬ್ಬಿ ಹಿಡಕೊಂಡು ಬಂದ್ಲು. ನಾ ಯಾರನ್ನೂ ಕೇಳಲಿಲ್ಲ, ಯಾರಿಗೂ ಒದಿ ಅನ್ನಲಿಲ್ಲ. ಅಪ್ಪ ಹೊಸಾ ಧೋತರ ಮ್ಯಾಲ ಕಟ್ಟಿದ. ಲಿವರ್ ಎಳದು ಬಿಗಿ ಮಾಡಿದ. ಒಂದ ಸಲ ನನ್ನ ಮಾರಿ ನೋಡಿದ. ಅವ್ವ ಆಚೆ ತಿರುಗಿ ನಿಂತ್ಲು. ನಾ ಅವನ ಪಾದಾನ ನೋಡಾಕತ್ತಿದ್ದೆ. ನನ್ನ ಹಿಮ್ಮಡದಾಗ ನೋವು ಎದ್ದ ಬಂತು.

ಕಿಕ್ಕರ್ ಪೂರ್ತಿ ಕೆಳಗ ಹೋತು. ವಾಪಸ್ ಬರಲಿಲ್ಲ.

ನಾ ಅಂವ ಸುರು ಮಾಡಿ ಇಳೀತಾನ ಅನ್ಕೊಂಡಿದ್ದೆ. ಇಳೀಲಿಲ್ಲ. ಟ್ಯಾಂಕಿನ ಮ್ಯಾಲ ಬಗ್ಗಿದ, ಲಿವರ್ ನಿಧಾನ ಸಡ್ಲ ಬಿಟ್ಟ. ಹಿಂದಿನ ಚಕ್ರ ನೆಲಾ ಒದ್ದಾಗ ಎದ್ದ ಮಣ್ಣು ನಮ್ಮ ಮಾರಿಗೆ ಬಂತು, ಅದು ಬೀಳೂದರಾಗ ಅಂವ ರಸ್ತೆ ಕೊನಿ ಕಲ್ಲಿನ ಹಂತ್ಯಾಕ ಇದ್ದ. ನಾ ಅವನ ಮಗ, ಇಪ್ಪತ್ತು ವರ್ಷ ಒಂದ ಮನ್ಯಾಗ ಉಂಡೇನಿ. ಅಷ್ಟ ಸಣ್ಣಾಗಿ, ಅಷ್ಟ ಜೋರು, ಅಷ್ಟ ನೆಟ್ಟಗ ಹೋಗಾವ ನಮ್ಮಪ್ಪ ಅಂತ ನನಗ ಗೊತ್ತಿರಲಿಲ್ಲ. ಅವ್ವ "ನಿಮ್ಮಜ್ಜ ನೋಡಬೇಕಿತ್ತು" ಅಂದ್ಲು. ಆಮ್ಯಾಲ "ಬ್ಯಾಡ, ನಗ್ತಿದ್ದ" ಅಂದ್ಲು.

ತಿರುಗಿ ಬಂದು ಗಾಡಿ ನಿಲ್ಲಿಸಿ, ಧೋತರ ಇಳೇ ಬಿಟ್ಟು, ಒಂದ ಮಾತು ಅಂದ. "ಹೋಟೆಲಿನಾವಗ ಫೋನ್ ಹಚ್ಚು. ಗ್ವಾಡಿಗಿ ಬ್ಯಾರೆ ಏನರ ನೋಡ್ಕೊ ಅನ್ನು." ಹೋಳಿಗಿ ತಿಂದ್ವಿ. ನನ್ನ ಪಾಲಿಂದು ಪೂರ್ತಿ ತಿಂದೆ. ಅಪ್ಪ ನೋಡಿದ.

ಈಗ ನಿಮಗ ಕೊಡಬೇಕಾದ್ದು. ಮೂರು ದಿವಸದಿಂದ ಇದನ್ನ ಬರಿಯಾಕತ್ತೇನಿ. "ಡಗ್ ಡಗ್" ಬರದು ನಾನ ಹೊಡದ ಹಾಕೇನಿ. ಗುಡುಗು ಅಂತ ಬರದೆ, ಸುಳ್ಳು ಅನ್ನಿಸ್ತು. ಅದು ಕಿವಿಗೆ ಮೊದಲ ಬರಂಗಿಲ್ಲ. ಎದಿಗೆ ಬರ್ತೈತಿ, ಅಂಗಾಲಿಗೆ ಬರ್ತೈತಿ, ಕಿವಿಗೆ ಕಡೀಗೆ. ಒಂದೊಂದು ಬಡಿತ ಬಿಡಿ ಬಿಡಿ. ನಡಕ ಇನ್ನ ಮುಗೀತು, ಬರಂಗಿಲ್ಲ ಅನ್ನೂದರಾಗ ಮತ್ತ ಬರ್ತೈತಿ.

ನೀವು ಒಂದ ಹುಡುಗಿ ಕೈ ಹಿಡಕೊಳ್ರಿ. ಬಳಿ ಎಲುವಿನ ಮ್ಯಾಲ ನಿಂತೈತಿ. ಒಡೀತೈತೋ ಏರ್ತೈತೋ ಆಕಿಗೂ ಗೊತ್ತಿಲ್ಲ. ಕೈ ಬಿಟ್ಟು ಕೊಡ್ತೈತಿ, ಬಳಿ ಜಾರಿ ಮುಂಗೈ ಮ್ಯಾಲಿನ ಬಳಿಗೋಳಿಗೆ ಹೋಗಿ ಬೀಳ್ತೈತಿ. ಆ ಬಿದ್ದದ್ದು ನಿಮ್ಮ ಬೆರಳಿಗೆ ಗೊತ್ತಾಗ್ತೈತಲ್ಲ, ಅದು. ಅದನ್ನ ಈ ಊರಷ್ಟು ದೊಡ್ಡದು ಮಾಡ್ರಿ. ಒಂದಾದ ಮ್ಯಾಲ ಒಂದು, ನಿಲ್ಲದಂಗ. ಅದ ಅದರ ಸಪ್ಪಳ.

ತಪ್ಪಿದ್ರ ವಾಪಸ್ ಕಳಸ್ರಿ, ಮತ್ತ ದೂರದಿಂದ ಬರ್ತೇನಿ.

ನಿಮ್ಮ ಮೊಮ್ಮಗ,
ಮೈಲೇಶ

ತಾ.ಕ. ಇದನ್ನ ಅಂಟಸೂದರಾಗ ಅಪ್ಪ ಬಂದು, ಚಾಚಿ ಟ್ಯಾಂಕ್ ಮ್ಯಾಲ ಕೈ ಇಟ್ಟು ನೋಡ್ತಾರೇನು ಕೇಳು ಅಂದ. ಬರೂ ಐತವಾರ ಬ್ಯಾಡಗಿಗೆ ತರ್ತಾನಂತ. ಟೆಂಪೋದಾಗ ಹಾಕ್ಕೊಂಡು ಬರೂಣು ಅಂದೆ. ಬ್ಯಾಡ ಅಂದ. ನಾನೂ ಅವ್ವನೂ ಬಸ್ಸಿಗೆ ಬರ್ತೇವಿ. ಅಂವ ಗಾಡಿ ಮ್ಯಾಲ ಬರ್ತಾನ.